ಕಾಲ್ಬೆರಳಿನ ಉಗುರು ಮಾಂಸದೊಳಗೆ ಇಳಿಯುವ ತೊಂದರೆ: ತಡೆ ಮತ್ತು ಚಿಕಿತ್ಸೆ
(ಉಪನ್ಯಾಸದ ಪಾಠ)



ಗ್ರಾಮ ಪಂಚಾಯತಿಯ ಸಭೆಯಲ್ಲಿ ಕಾಲ್ಬೆರಳಿನ ಉಗುರು ಚರ್ಚೆಗೆ ಬರುವುದು ವಿರಳ. ಕುಡಿಯುವ ನೀರು, ರಸ್ತೆ, ಬೀದಿದೀಪಗಳ ನಡುವೆ ಅದಕ್ಕೆ ಸ್ಥಳವಿಲ್ಲ. ಆದರೆ ಹೆಬ್ಬೆರಳು ಕೀವುಗಟ್ಟಿ ಗದ್ದೆಗೆ ಇಳಿಯಲಾಗದ ಕೂಲಿಕಾರ ಮಹಿಳೆಗೆ ಅದು ದಿನಗೂಲಿಯ ಪ್ರಶ್ನೆ. ಸಕ್ಕರೆ ಕಾಯಿಲೆಯುಳ್ಳ ಹಿರಿಯರಿಗೆ ಕಾಲಿನದೇ ಪ್ರಶ್ನೆ.

ಹಾನಗಲ್ ತಾಲ್ಲೂಕು ಹಾವೇರಿ ಜಿಲ್ಲೆಯ ಭತ್ತದ ನಾಡು. ಕೂರಿಗೆ ಬಿತ್ತನೆಯಿರಲಿ, ನಾಟಿಯಿರಲಿ, ಕಳೆ ತೆಗೆಯುವ ಹೊತ್ತಿಗೆ ಪಾದಗಳು ದಿನವಿಡೀ ಕೆಸರಿನಲ್ಲಿರುತ್ತವೆ. ನೀರಿನಲ್ಲಿ ನೆನೆದು ಮೆತ್ತಗಾದ ಚರ್ಮಕ್ಕೆ ಉಗುರಿನ ಅಂಚು ಸುಲಭವಾಗಿ ಚುಚ್ಚಿಕೊಳ್ಳುತ್ತದೆ. ಮೊದಲು ನೋವು, ಬಳಿಕ ಕೆಂಪು ಬಾವು, ಅನಂತರ ಕೀವು. ಕೊನೆಗೆ ಉಗುರಿನ ಪಕ್ಕದಲ್ಲಿ ಮುಟ್ಟಿದರೆ ರಕ್ತ ಬರುವ ಮಾಂಸ ಬೆಳೆಯುತ್ತದೆ.

ಜನರು ಇದನ್ನೂ ಉಗುರುಸುತ್ತು ಎಂದೇ ಕರೆಯುತ್ತಾರೆ. ಬೆರಳಿಗೆ ನಿಂಬೆಹಣ್ಣು ಸಿಕ್ಕಿಸುವುದು, ಅರಿಸಿನ ಹಚ್ಚುವುದು ರೂಢಿಯಲ್ಲಿದೆ. ಒಳಗೆ ಚುಚ್ಚಿಕೊಂಡಿರುವ ಉಗುರಿನ ಚೂರು ನಿಂಬೆಹಣ್ಣಿಗೆ ಹೊರಬರುವುದಿಲ್ಲ. ಇದಕ್ಕಿಂತ ಅಪಾಯಕಾರಿಯಾದುದು ಬ್ಲೇಡಿನಿಂದ ಮೂಲೆಯನ್ನು ಆಳವಾಗಿ ಕೊರೆಯುವ ಅಭ್ಯಾಸ. ಆ ಕ್ಷಣಕ್ಕೆ ನೋವು ತಗ್ಗುತ್ತದೆ, ನಿಜ. ಆದರೆ ಒಳಗೆ ಉಳಿದ ಮೊನಚು ಚೂರು ಉಗುರು ಬೆಳೆದಂತೆ ಮತ್ತಷ್ಟು ಆಳಕ್ಕೆ ಇಳಿಯುತ್ತದೆ.

ತಡೆಯುವ ಕ್ರಮ ಸರಳವಾದುದು. ಕಾಲಿನ ಉಗುರನ್ನು ನೇರವಾಗಿ ಕತ್ತರಿಸಬೇಕು. ಕೈಯುಗುರಿನಂತೆ ಮೂಲೆಗಳನ್ನು ದುಂಡಗೆ ಮಾಡಬಾರದು. ಬೆರಳಿನ ತುದಿಗಿಂತ ಗಿಡ್ಡವಾಗಿಯೂ ಕತ್ತರಿಸಬಾರದು. ಗದ್ದೆಯಿಂದ ಬಂದ ಮೇಲೆ ಕಾಲು ತೊಳೆಯುವವರು ಬಹಳ, ಬೆರಳ ಸಂದುಗಳನ್ನು ಒರೆಸಿಕೊಳ್ಳುವವರು ಕಡಿಮೆ. ಒರೆಸುವುದೂ ಅಷ್ಟೇ ಮುಖ್ಯ.

ನೋವು ಆರಂಭವಾದಾಗಲೇ ದಿನಕ್ಕೆ ಮೂರು ನಾಲ್ಕು ಬಾರಿ, ಹತ್ತು ಹದಿನೈದು ನಿಮಿಷ, ಉಗುರು ಬೆಚ್ಚಗಿನ ನೀರಿನಲ್ಲಿ ಪಾದವನ್ನಿಟ್ಟು, ಚೆನ್ನಾಗಿ ಒರೆಸಿ, ಉಗುರಿನ ಅಂಚಿನಡಿ ಶುದ್ಧ ಹತ್ತಿಯ ಸಣ್ಣ ಎಳೆಯನ್ನು ಮೆಲ್ಲನೆ ಸೇರಿಸಬಹುದು. ಹತ್ತಿಯನ್ನು ದಿನವೂ ಬದಲಿಸಬೇಕು. ಬೆರಳನ್ನು ಒತ್ತದ ಚಪ್ಪಲಿ ಧರಿಸಬೇಕು. ಕೆಲವು ದಿನಗಳಲ್ಲಿ ಗುಣ ಕಾಣದಿದ್ದರೆ ಅಥವಾ ಕೀವು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಕೆಸರಿನಲ್ಲಿ ಗಾಯವಾಗಿದ್ದರೆ ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ ವೈದ್ಯರನ್ನು ಕೇಳಬೇಕು.

ಮೇಲಿನ ಮನೆಮದ್ದು ಸಕ್ಕರೆ ಕಾಯಿಲೆಯವರಿಗೆ, ಕುಷ್ಠರೋಗದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಅನ್ವಯಿಸುವುದಿಲ್ಲ. ನೀರು ಸುಡುತ್ತಿದ್ದರೂ ಅವರಿಗೆ ತಿಳಿಯದು. ಕೀವಾದರೂ ನೋವು ತಿಳಿಯದು. ಹುಣ್ಣು ಮೂಳೆಗೆ ಇಳಿದ ಮೇಲೆ ಬೆರಳನ್ನೇ ತೆಗೆಯಬೇಕಾದ ಸಂದರ್ಭವುಂಟು. ಇಂಥವರು ಮೊದಲ ದಿನವೇ ವೈದ್ಯರ ಬಳಿಗೆ ಬರಬೇಕು.

ಶಸ್ತ್ರಚಿಕಿತ್ಸೆಯೆಂದರೆ ಹೆದರುವವರು ಅನೇಕರು. ವಾಸ್ತವದಲ್ಲಿ ಬೆರಳನ್ನಷ್ಟೇ ಮರಗಟ್ಟಿಸಿ, ಒಳಗಿಳಿದ ಅಂಚಿನ ಪಟ್ಟಿಯನ್ನು ಮಾತ್ರ ತೆಗೆಯಲಾಗುತ್ತದೆ. ಸಾಮಾನ್ಯವಾಗಿ ಅಂದೇ ಮನೆಗೆ ಹಿಂದಿರುಗಬಹುದು. ಆ ಭಾಗದ ಬೇರಿಗೆ ಫಿನಾಲ್ ಎಂಬ ದ್ರಾವಣವನ್ನು ಹಚ್ಚಿದರೆ ತೊಂದರೆ ಮರುಕಳಿಸುವ ಸಂಭವ ತಗ್ಗುತ್ತದೆ. ಬೇರಿಗೆ ಚಿಕಿತ್ಸೆ ನೀಡದೆ ಇಡೀ ಉಗುರನ್ನು ಕಿತ್ತರೆ ಅನೇಕರಲ್ಲಿ ಅದು ಮರಳಿ ಬರುತ್ತದೆ. ಹೆಬ್ಬೆರಳಿನ ಉಗುರು ಪೂರ್ತಿ ಬೆಳೆಯಲು ವರ್ಷಕ್ಕೂ ಹೆಚ್ಚು ಕಾಲ ಬೇಕು.

ಇನ್ನು ಸದಸ್ಯರ ಅಧಿಕಾರದ ವ್ಯಾಪ್ತಿಯಲ್ಲಿರುವ ವಿಷಯ. ಸರ್ಕಾರಿ ಶಾಲೆಯ ಮಕ್ಕಳಿಗೆ ಬೂಟು, ಕಾಲುಚೀಲ ಖರೀದಿಸುವುದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಹದಿಹರೆಯದಲ್ಲಿ ಪಾದ ಬೇಗ ಬೆಳೆಯುತ್ತದೆ, ಈ ತೊಂದರೆಯೂ ಆ ವಯಸ್ಸಿನಲ್ಲಿ ಹೆಚ್ಚು. ಹಿಂದಿನ ವರ್ಷದ ಪಟ್ಟಿಯನ್ನೇ ನಕಲು ಮಾಡದೆ ಪ್ರತಿ ಮಗುವಿನ ಪಾದವನ್ನು ಅಳೆದು ಬೂಟು ತರಿಸುವಂತೆ ಸದಸ್ಯರು ಸಮಿತಿಗೆ ತಿಳಿಸಬೇಕು. ಚರಂಡಿ ಸ್ವಚ್ಛಗೊಳಿಸುವ ಕಾರ್ಮಿಕರಿಗೆ ಕೊಡುವ ಗಮ್‌ಬೂಟಿಗೂ ಇದೇ ಮಾತು: ಎಲ್ಲರಿಗೂ ಒಂದೇ ಅಳತೆಯದನ್ನು ತಂದರೆ ಅದು ಪಂಚಾಯತಿ ಕಚೇರಿಯ ಮೂಲೆಯಲ್ಲಿಯೇ ಉಳಿಯುತ್ತದೆ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಂದಿನ ಸಭೆಯಲ್ಲಿ, ಊರಿನ ಸಕ್ಕರೆ ಕಾಯಿಲೆಯವರ ಪಾದಗಳನ್ನು ಮುಂಗಾರಿಗೆ ಮೊದಲು ಒಮ್ಮೆ ಪರೀಕ್ಷಿಸುವ ದಿನವನ್ನು ಆಶಾ ಕಾರ್ಯಕರ್ತೆ ಹಾಗೂ ಸಮುದಾಯ ಆರೋಗ್ಯ ಅಧಿಕಾರಿಯೊಡನೆ ಗೊತ್ತುಪಡಿಸಿಕೊಳ್ಳಬಹುದು. ನಡೆಯಲಾರದವರಿದ್ದರೆ ಅವರ ಹೆಸರನ್ನು ಆಯಾ ವಾರ್ಡಿನ ಸದಸ್ಯರೇ ಮುಂಚಿತವಾಗಿ ತಿಳಿಸಬೇಕು.