ಕಂಪೆನಿಯ ಲಾಭದಲ್ಲಿ ಊರಿನ ಪಾಲು

ಕುಂದಾಪುರದಿಂದ ಬೈಂದೂರಿಗೆ ಹೋಗುವಾಗ ತ್ರಾಸಿಯಲ್ಲಿ ಕಡಲು ಹೆದ್ದಾರಿಯ ಮಗ್ಗುಲಿಗೇ ಬರುತ್ತದೆ. ಅಲ್ಲಿ ಬಲೆ ಸರಿಪಡಿಸುವವರಿಗೂ ದೊಡ್ಡ ಕಂಪೆನಿಗಳ ಲಾಭಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. 2013ರ ಕಂಪೆನಿ ಕಾಯಿದೆಯ 135ನೆಯ ಕಲಮು 2014ರ ಏಪ್ರಿಲಿನಲ್ಲಿ ಜಾರಿಗೆ ಬಂದಿತು. ಅದರಂತೆ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಆರೋಗ್ಯ, ಶಿಕ್ಷಣ, ಕುಡಿಯುವ ನೀರು ಮುಂತಾದ ಕೆಲಸಗಳಿಗೆ ವೆಚ್ಚಮಾಡಬೇಕು. ತಾವು ವ್ಯವಹರಿಸುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು.

ತೊಡಕಿರುವುದು ಈ ಕಡೆಯ ಮಾತಿನಲ್ಲಿಯೇ. ಕಾರ್ಖಾನೆಯ ಹೊಗೆ ಕಾಣುವ ಊರಷ್ಟೇ ಕಂಪೆನಿಯ ಊರೆಂದರೆ ಮೀನುಗಾರರ ಹಳ್ಳಿಗೆ ಏನು ಬಂದೀತು?

ನಮ್ಮ ಕರಾವಳಿ ಇದಕ್ಕೆ ಮೊದಲೇ ಬೇರೊಂದು ದಾರಿ ಕಂಡಿತ್ತು. ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿದ ಉಡುಪಿಯ ಸಂಸ್ಥೆ 1928ರಿಂದ ಪಿಗ್ಮಿ ಠೇವಣಿಗೆಂದು ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಲ್ಲಿ ಪಡೆಯಿತು. ಹಾಗೆ ಬೆಳೆದ ಬ್ಯಾಂಕಿಗೆ ಯಾವ ಊರು ಹೊರಗಿನದು? 1982ರಲ್ಲಿ ಅದೂ, 2020ರಲ್ಲಿ ಅದನ್ನು ತನ್ನಲ್ಲಿ ಸೇರಿಸಿಕೊಂಡ ಕೆನರಾ ಬ್ಯಾಂಕೂ, ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟೂ ಕೂಡಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ತೆರೆದವು. ಬ್ರಹ್ಮಾವರದಲ್ಲಿಯೂ ಅದರ ಕೇಂದ್ರವಿದೆ. ನಿರುದ್ಯೋಗಿ ತರುಣರಿಗೆ ಅಲ್ಲಿ ಊಟ, ವಸತಿ, ತರಬೇತಿ ಎಲ್ಲವೂ ಉಚಿತ. ಹೆಚ್ಚಿನ ಮಾತೆಂದರೆ, ಕಲಿತು ಹೋದವರು ಕಸುಬು ಹಿಡಿದರೇ ಎಂದು ಮುಂದೆಯೂ ವಿಚಾರಿಸುತ್ತಾರೆ.

ಕಂಪೆನಿಗಳ ಹಲವು ಅನುದಾನಗಳಲ್ಲಿ ನನಗೆ ಕೊರತೆಯಾಗಿ ಕಾಣುವುದು ಈ ವಿಚಾರಣೆಯೇ. ಶಾಲೆಗೆ ನೀರು ಶುದ್ಧಮಾಡುವ ಯಂತ್ರ ಬರುತ್ತದೆ, ದಾನಿಯ ಹೆಸರಿನ ಫಲಕವೂ ಬರುತ್ತದೆ. ಉಪ್ಪುಗಾಳಿಗೆ ಮೊದಲು ಕೆಡುವುದು ಫಲಕವಲ್ಲ. 2021ರ ನಿಯಮಗಳು ಯೋಜನೆಯೊಂದನ್ನು ಆರಂಭದ ವರ್ಷವಲ್ಲದೆ ಮತ್ತೆ ಮೂರು ವರ್ಷ ನಡೆಸಲು ಅವಕಾಶವಿತ್ತಿವೆ. ಆದ್ದರಿಂದ ಪಂಚಾಯತಿಯವರೂ ಶಾಲೆಯವರೂ ಅರ್ಜಿ ಬರೆಯುವಾಗ ಯಂತ್ರದ ಬೆಲೆಯ ಕೆಳಗೆ ಆ ವರ್ಷಗಳ ದುರಸ್ತಿಯ ಖರ್ಚನ್ನೂ ಕಾಣಿಸಲಿ.