ಹಳೆಯ ಪದ್ಯ, ಹೊಸ ವಾದ್ಯ

ಚದುರಿದ ರಾಕ್ ತಂಡ ಮತ್ತೆ ಕೂಡಿ, ತನ್ನ ಹಳೆಯ ಹಾಡುಗಳನ್ನೇ ಯಂತ್ರಗಳ ಸದ್ದಿನೊಡನೆ ಹೊಸದಾಗಿ ನುಡಿಸುವುದುಂಟು. ಇದು ಸರಿಯೇ ಎಂಬ ಪ್ರಶ್ನೆ ನಮ್ಮ ಕರಾವಳಿಗೆ ಹೊಸದಲ್ಲ.

ಹೆಮ್ಮಾಡಿಯ ಕಡೆ ಬಡಗುತಿಟ್ಟಿನ ಆಟವೆಂದರೆ ಭಾಗವತರ ಪದ್ಯ, ಮದ್ದಳೆ, ಚಂಡೆ. ಅಲ್ಲಿಂದ ತೆಂಕಣಕ್ಕೆ, ಕುಂದಾಪುರದಾಚೆಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು (1902–1997) ತಮ್ಮ ಪ್ರಯೋಗಗಳಲ್ಲಿ ಮಾತನ್ನು ಬಿಟ್ಟು, ಹಳೆಯ ಪ್ರಸಂಗಪದ್ಯಗಳಿಗೆ ಪಿಟೀಲು, ಸ್ಯಾಕ್ಸೊಫೋನ್‌ಗಳನ್ನು ಜೊತೆಗೂಡಿಸಿದರು. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವಿದ್ವಾಂಸರೇ ಹೀಗೆ ಮಾಡಿದರೆಂದು ಆಕ್ಷೇಪಿಸಿದವರೂ ಉಂಟು.

ವಾದ್ಯ ಹೊರಗಿನದೆಂಬುದು ದೋಷವಲ್ಲ. ಪಿಟೀಲೂ ಹೊರಗಿನಿಂದಲೇ ಬಂದು ನಮ್ಮದಾಯಿತಷ್ಟೆ. ಆದರೆ ಮಾತಿಲ್ಲದಲ್ಲಿ ಕಥೆ ಹೇಳುವ ಹೊರೆ ಪದ್ಯದ್ದೇ. ಅದರ ಮಟ್ಟು, ತಾಳ ಉಳಿದು, ಸಾಹಿತ್ಯ ಸ್ಪಷ್ಟವಾಗಿ ಕಿವಿಗೆ ಬಿದ್ದರೆ ಹಾಡು ಬದುಕಿತು. ಸದ್ದಿನಲ್ಲಿ ಮುಳುಗಿದರೆ ಹೊಸತನವೂ ವ್ಯರ್ಥ. ಕೇಳುವಾಗ ನೀವು ಇದೊಂದನ್ನು ಗಮನಿಸಿದರೆ ಸಾಕು.