ಕೌದಿ ಹೊಲಿಗೆಗೆ ಚಕ್ರದ ಬ್ಲೇಡು: ಬಳಕೆ ಮತ್ತು ಬದಲಾವಣೆ

(ಮಹಿಳಾ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಕೌದಿ ಹೊಲಿಯುವುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಅಂಚಿನಿಂದ ಆರಂಭಿಸಿ ನಡುವಿನತ್ತ ಹೊಲಿಯುವ ಕವಂದಿಯನ್ನು ಇಂದು ದೂರದ ಊರಿನವರೂ ಹಣ ಕೊಟ್ಟು ಕೊಳ್ಳುತ್ತಾರೆ. ಮನೆಯ ಬಳಕೆಗಾದರೆ ಹಳೆಯ ಸೀರೆಯನ್ನು ಕೈಯಿಂದ ಹರಿದರೂ ಸಾಕು. ಅದಕ್ಕಾಗಿ ಹೊಸ ಸಾಧನ ಕೊಳ್ಳಿರೆಂದು ನಾನು ಹೇಳುವುದಿಲ್ಲ. ಆದರೆ ಒಂದೇ ಅಳತೆಯ ನೂರಾರು ತುಂಡುಗಳು ಬೇಕಾದಾಗ ರೋಟರಿ ಕಟರ್ ಉಪಯುಕ್ತವಾದುದು. ಕರ್ಜಿಕಾಯಿ ಕತ್ತರಿಸುವ ಗಾಲಿಯನ್ನು ನೆನೆಸಿಕೊಳ್ಳಿ. ಇದೂ ಅದೇ ಬಗೆ, ಹಲ್ಲಿನ ಬದಲು ಕ್ಷೌರದ ಬ್ಲೇಡಿನಂಥ ಹರಿತವಿರುತ್ತದೆ. ಜಪಾನಿನ ಓಲ್ಫಾ ಕಂಪನಿಯು 1979ರಲ್ಲಿ ಇದನ್ನು ಬಟ್ಟೆ ಕತ್ತರಿಸಲೆಂದು ಹೊರತಂದಿತು. 45 ಮಿಲಿಮೀಟರ್ ಅಗಲದ ಬ್ಲೇಡು ನಮ್ಮ ಕೆಲಸಕ್ಕೆ ಹೊಂದುತ್ತದೆ. ಹತ್ತಿಬಟ್ಟೆಯನ್ನು ನಾಲ್ಕು ಪದರದವರೆಗೆ ಸಲೀಸಾಗಿ ಕತ್ತರಿಸಬಹುದು.

ಬ್ಲೇಡಿನ ಕೆಳಗೆ ಅದಕ್ಕೆಂದೇ ಮಾಡಿದ ಚಾಪೆ ಇರಲೇಬೇಕು. ಸಿಮೆಂಟು ನೆಲದ ಮೇಲೆ ಒಂದು ಸಲ ಉರುಳಿಸಿದರೆ ಹೊಸ ಬ್ಲೇಡು ಹಾಳಾಯಿತೆಂದೇ ತಿಳಿಯಿರಿ. ಚಾಪೆಯನ್ನು ಬಿಸಿಲಿಗೆ ಇಡಬಾರದು, ಡೊಂಕಾಗುತ್ತದೆ. ನಮ್ಮವರು ಕಾಲು ಚಾಚಿ ನೆಲದ ಮೇಲೆ ಕುಳಿತು ಕೆಲಸ ಮಾಡುವ ರೂಢಿ. ಹೊಲಿಯಲು ಅದು ಸರಿ, ಕತ್ತರಿಸಲು ಸರಿಯಲ್ಲ. ಬ್ಲೇಡು ಜಾರಿದರೆ ಮೊದಲು ಸಿಗುವುದು ಪಾದ. ಸೊಂಟದೆತ್ತರದ ಮೇಜಿನ ಮುಂದೆ ನಿಂತು, ಪಟ್ಟಿಯನ್ನು ಒಂದು ಕೈಯಿಂದ ಒತ್ತಿ ಹಿಡಿದು, ಬೆರಳುಗಳನ್ನು ಅಂಚಿನಿಂದ ಹಿಂದಕ್ಕಿಟ್ಟು, ಕಟರನ್ನು ಮೈಯಿಂದ ಆಚೆಗೆ ದೂಡಿರಿ. ಎಂದೂ ನಿಮ್ಮ ಕಡೆಗೆ ಎಳೆಯಬೇಡಿ. ಕೈಯಿಂದ ಕೆಳಗಿಡುವ ಮುಂಚೆ ಪ್ರತಿ ಸಲವೂ ಬ್ಲೇಡಿನ ಮುಚ್ಚಳ ಹಾಕತಕ್ಕದ್ದು, ಅರೆನಿಮಿಷಕ್ಕೆ ಇಟ್ಟರೂ ಸಹ. ಮಕ್ಕಳಿರುವ ಮನೆಯಲ್ಲಿ ಈ ಮಾತಿಗೆ ರಿಯಾಯಿತಿ ಇಲ್ಲ.

ಬ್ಲೇಡು ಬದಲಿಸುವ ಕಾಲ ಬಂತೆಂದು ತಿಳಿಯುವುದು ಹೇಗೆ? ಎಳೆಗಳು ಕತ್ತರಿಸದೆ ಉಳಿದಾಗ ಅವು ಎಲ್ಲೆಲ್ಲಿ ಉಳಿದಿವೆಯೆಂದು ನೋಡಿರಿ. 45 ಮಿಲಿಮೀಟರಿನ ಚಕ್ರ ಒಂದು ಸುತ್ತಿಗೆ ಸುಮಾರು 14 ಸೆಂಟಿಮೀಟರ್ ಸಾಗುತ್ತದೆ. ಪ್ರತಿ 14 ಸೆಂಟಿಮೀಟರಿಗೊಮ್ಮೆ ಎಳೆ ಉಳಿದರೆ ಅಂಚಿನಲ್ಲಿ ಒಂದು ಕಡೆ ಮುಕ್ಕಾಗಿದೆ, ಬಹುಶಃ ಗುಂಡುಪಿನ್ನಿನ ಮೇಲೆ ಹಾಯ್ದಿರಬೇಕು. ಚಾಪೆಯ ಒಂದೇ ಜಾಗದಲ್ಲಿ ಯಾವಾಗಲೂ ಉಳಿದರೆ ದೋಷ ಚಾಪೆಯದು. ಅಲ್ಲಿ ಗೀರು ಆಳವಾಗಿದೆ. ಉದ್ದಕ್ಕೂ ಒತ್ತಿ ಕತ್ತರಿಸಬೇಕಾಗಿ ಬಂದರೆ ಕೂಡಲೇ ಹೊಸದು ಹಾಕಬೇಡಿ, ಮೊದಲು ಬಿಚ್ಚಿ ನೋಡಿ. ಎಷ್ಟೋ ಸಲ ಒಳಗೆ ಬಟ್ಟೆಯ ನಾರು ಸೇರಿಕೊಂಡು ಚಕ್ರ ಉರುಳದಂತಾಗಿರುತ್ತದೆ. ನಾರು ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟರೆ ಮತ್ತೆ ಕೆಲಸ ಮಾಡೀತು.

ಬಿಚ್ಚುವಾಗ ನಟ್ಟು, ವಾಷರು, ತಿರುಪು, ಬ್ಲೇಡು ಇವುಗಳನ್ನು ತೆಗೆದ ಕ್ರಮದಲ್ಲೇ ಸಾಲಾಗಿ ಬಿಳಿಯ ಬಟ್ಟೆಯ ಮೇಲೆ ಇಟ್ಟುಕೊಳ್ಳಿ. ವಾಷರು ತುಸು ಬಾಗಿರುತ್ತದೆ. ಉಬ್ಬು ಯಾವ ಕಡೆಗಿತ್ತೆಂದು ಗಮನಿಸಿರಿ. ಹೊಸ ಬ್ಲೇಡು ಸುಮಾರು 0.3 ಮಿಲಿಮೀಟರ್ ದಪ್ಪ ಮಾತ್ರ, ಮೇಲೆ ಎಣ್ಣೆ ಸವರಿರುತ್ತದೆ. ಹೀಗಾಗಿ ಎರಡು ಅಂಟಿಕೊಂಡು ಒಂದರಂತೆಯೇ ಕಾಣುವುದುಂಟು; ನೋಡಿ ಹಾಕಿರಿ. ಅಂಚನ್ನು ಮುಟ್ಟದೆ ನಡುವಿನ ಬದಿಗಳಲ್ಲಿ ಹಿಡಿಯತಕ್ಕದ್ದು. ನಟ್ಟನ್ನು ಬಹಳ ಬಿಗಿದರೆ ಚಕ್ರ ಉರುಳದೆ ಉಜ್ಜಿ ಒಂದು ಕಡೆ ಸವೆಯುತ್ತದೆ. ಸಡಿಲ ಬಿಟ್ಟರೆ ಓಲಾಡಿ ಗೆರೆ ತಪ್ಪುತ್ತದೆ.

ಹಳೆಯ ಬ್ಲೇಡನ್ನು ಸಾಣೆ ಹಿಡಿಯುವುದು ದಂಡ. ಕಾಗದದ ಮಾದರಿ ಕತ್ತರಿಸಲು ಒಂದನ್ನು ಗುರುತು ಮಾಡಿ ಇಟ್ಟುಕೊಳ್ಳಬಹುದು. ಉಳಿದವನ್ನು ಏನು ಮಾಡಬೇಕು? ಇಲ್ಲಿ ಗಂಡಸರೂ ಕಿವಿಗೊಡಬೇಕು. ಕಸದೊಡನೆ ತಿಪ್ಪೆಗೆ ಹೋದ ಬ್ಲೇಡು ಗೊಬ್ಬರದ ಜೊತೆ ಹೊಲಕ್ಕೆ ಬಂದು, ಬರಿಗಾಲಿನಲ್ಲಿ ನಡೆಯುವವರ ಅಂಗಾಲನ್ನು ಸೀಳುತ್ತದೆ. ದನಗಳಂತೂ ಮೇವನ್ನು ಆರಿಸಿ ತಿನ್ನುವುದಿಲ್ಲ. ಸೂಜಿ, ಪಿನ್ನು, ಮುರಿದ ಬ್ಲೇಡಿನ ಚೂರು ನುಂಗಿದರೆ ಅದು ಹೊಟ್ಟೆಯ ಎರಡನೆಯ ಕೋಣೆಯಲ್ಲಿ ನಿಲ್ಲುತ್ತದೆ. ಅದರ ಮುಂದೆ, ವಪೆಯಾಚೆಗೆ, ಹೃದಯವಿದೆ. ಚೂರು ಅತ್ತ ಚುಚ್ಚಿಕೊಂಡರೆ ಹಸು ಉಳಿಯುವುದು ಕಷ್ಟ. ಹಸು ಮೇವು ಬಿಟ್ಟು, ಹಾಲು ಥಟ್ಟನೆ ಇಳಿದು, ನಡೆಯಲು ನರಳಿದರೆ ಅಂದೇ ಪಶುವೈದ್ಯರನ್ನು ಕರೆಸಿರಿ.

ಕೈ ಕೊಯ್ದುಕೊಂಡರೆ ಶುದ್ಧವಾದ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಕೈಯನ್ನು ಮೇಲೆತ್ತಿರಿ. ಅರಿಶಿನ, ಕಾಫಿಪುಡಿ ತುಂಬಬೇಡಿ. ಗಾಯ ಆಳವಾಗಿದ್ದರೆ ಆಸ್ಪತ್ರೆಗೆ ಹೋಗಿ ಹೊಲಿಗೆ ಹಾಕಿಸಬೇಕು, ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಕೇಳಬೇಕು.

ಹಳೆಯ ಬ್ಲೇಡು, ಮುರಿದ ಸೂಜಿಗಳಿಗಾಗಿ ಮುಚ್ಚಳವಿರುವ ಒಂದು ತಗಡಿನ ಡಬ್ಬಿಯನ್ನು ಸಂಘದಲ್ಲೇ ಇಡೋಣ. ಮುಚ್ಚಳದಲ್ಲಿ ಒಂದು ಸೀಳು ಮಾಡಿ, ಸುತ್ತಲೂ ಟೇಪು ಸುತ್ತಿದರೆ ಸಾಕು. ತುಂಬಿದ ಮೇಲೆ ಸೀಳಿಗೂ ಟೇಪು ಅಂಟಿಸಿ, ಒಳಗೇನಿದೆಯೆಂದು ಬಾಯಿಬಿಟ್ಟು ಹೇಳಿಯೇ ಗುಜರಿಯವನ ಕೈಗೆ ಕೊಡಬೇಕು.